ಹಾಲು ತೂಗುವ ಕೊಳವೆ: ಡೈರಿ ಕೆಲಸಕ್ಕೆ ಹೊರಟವರಿಗೆ ಕಿವಿಮಾತು

ಅಮೃತಾಪುರ, ತರೀಕೆರೆ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿ ಡೈರಿ ಸೇರುವ ಮಕ್ಕಳೇ, ಟ್ಯಾಂಕರ್ ಹಾಲು ಇಳಿಸುವ ಜಾಗದಲ್ಲಿ ಮಾಸ್ ಫ್ಲೋ ಮೀಟರ್ ಕಂಡರೆ ಗಾಬರಿ ಬೇಡ, ಸಸಾರವೂ ಬೇಡ.

• ಮೊದಲು ಅದು ತೂಗುವ ಬಗೆ ತಿಳಿಯಿರಿ. ತೋಟಕ್ಕೆ ನೀರು ಬಿಡುವ ಮೆತ್ತನೆಯ ಪೈಪನ್ನು ಎರಡು ಕೈಯಲ್ಲಿ ಹಿಡಿದು, ನಡುವೆ ಜೋಲು ಬಿಟ್ಟು, ನೀರು ಹರಿಯುತ್ತಿರುವಾಗಲೇ ಹಿಂದೆ ಮುಂದೆ ತೂಗಿ ನೋಡಿ. ಜೋಲು ನೆಟ್ಟಗೆ ಆಡುವುದಿಲ್ಲ, ತಿರುಚಿಕೊಳ್ಳುತ್ತದೆ. ನೀರು ನಿಲ್ಲಿಸಿದರೆ ತಿರುಚೂ ಹೋಯಿತು. ಮೀಟರಿನೊಳಗೂ ಇದೇ ಆಟ: ಜೋಡಿ ಸ್ಟೀಲ್ ಕೊಳವೆಗಳನ್ನು ಒಂದು ಕಾಯಿಲ್ ಸದಾ ನಡುಗಿಸುತ್ತಿರುತ್ತದೆ. ಹಾಲು ಹರಿದಾಗ ಒಳಬರುವ ಬದಿಯ ನಡುಕಕ್ಕೂ ಹೊರಹೋಗುವ ಬದಿಯ ನಡುಕಕ್ಕೂ ಮೈಕ್ರೋಸೆಕೆಂಡುಗಳಷ್ಟು ಅಂತರ ಬೀಳುತ್ತದೆ. ಆ ಅಂತರದಿಂದಲೇ ಮೀಟರು ಹರಿವಿನ ತೂಕ ಲೆಕ್ಕ ಹಾಕುತ್ತದೆ. ಇದರ ಹಿಂದಿನ ಲೆಕ್ಕವನ್ನು ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲೇ ಬರೆದಿಟ್ಟಿದ್ದ.

• ಲೀಟರೇ ಬೇರೆ, ಕಿಲೋನೇ ಬೇರೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 10,000 ಲೀಟರಿನ ಟ್ಯಾಂಕರಿಗೆ 300 ಕಿಲೋ ಫರಕು! ಸ್ಲಿಪ್ಪಿನಲ್ಲಿ ಯಾವುದು ಬರೆದಿದೆ ಎಂದು ನೋಡದೆ ಸಹಿ ಹಾಕಬೇಡಿ.

• ಈ ಮೀಟರಿನ ದೊಡ್ಡ ಶತ್ರು ಗಾಳಿ. ಟ್ಯಾಂಕರ್ ಬರಿದಾಗುವ ಕೊನೇ ಗಳಿಗೆಯಲ್ಲಿ ಪಂಪು ಹಾಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಆಗ ಡಿಸ್‌ಪ್ಲೇಯಲ್ಲಿ ಡೆನ್ಸಿಟಿ ಇಳಿಯುತ್ತದೆ, ಡ್ರೈವ್ ಗೇನ್ (ಕೊಳವೆ ನಡುಗಿಸಲು ಕಾಯಿಲ್ ಹಾಕುವ ಬಲ) ಏರುತ್ತದೆ, ಅಂಕಿ ಕುಣಿಯತೊಡಗುತ್ತದೆ. ಆ ಅಂಕಿಯನ್ನು ನಂಬಬೇಡಿ. ಗಾಳಿ ಬಿಡಿಸುವ ಟ್ಯಾಂಕ್ ಮೀಟರಿಗಿಂತ ಮೊದಲೇ ಇರಬೇಕು, ಕಂಟ್ರೋಲ್ ವಾಲ್ವ್ ಮೀಟರ್ ದಾಟಿದ ಮೇಲೆ ಇರಬೇಕು. ಕೊಳವೆ ಸದಾ ತುಂಬಿರಲಿ ಎಂಬುದೇ ಇದೆಲ್ಲದರ ಉದ್ದೇಶ. ಮೀಟರ್ ಕೆಟ್ಟಿದೆ ಎಂದು ಕಂಪನಿಗೆ ಫೋನ್ ಹಚ್ಚುವ ಮೊದಲು ಪಂಪಿನ ಸೀಲು, ಹೋಸಿನ ಗ್ಯಾಸ್ಕೆಟ್ ನೋಡಿ. ಕಳ್ಳ ಸಾಮಾನ್ಯವಾಗಿ ಅಲ್ಲೇ ಇರುತ್ತಾನೆ.

• ಜೀರೋ ಮಾಡುವುದಕ್ಕೆ, ಅಂದರೆ ಹರಿವಿಲ್ಲದ ಸ್ಥಿತಿಯೇ ಸೊನ್ನೆ ಎಂದು ಮೀಟರಿಗೆ ತಿಳಿಸುವುದಕ್ಕೆ, ಅವಸರ ಸಲ್ಲದು. ಕೊಳವೆ ತುಂಬಿಸಿ, ಹಾಲು ಹರಿದು ಅದರ ಬಿಸಿ ಒಂದು ಹದಕ್ಕೆ ಬಂದ ಮೇಲೆ ವಾಲ್ವ್ ಬಿಗಿಯಾಗಿ ಮುಚ್ಚಿ. ಸೋರುವ ವಾಲ್ವ್ ಮುಚ್ಚಿ ಜೀರೋ ಒತ್ತಿದರೆ ತಪ್ಪನ್ನೇ ಮೀಟರಿಗೆ ಕಲಿಸಿದ ಹಾಗೆ. ದಿನಾ ಬೆಳಗ್ಗೆ ಪೂಜೆಯಂತೆ ಜೀರೋ ಒತ್ತುವವರೂ ಇದ್ದಾರೆ, ಅದರ ಅಗತ್ಯವಿಲ್ಲ.

• ಕೂರಿಸುವಾಗ ಪೈಪು ನೆಟ್ಟಗೆ, ಹಾಲು ಕೆಳಗಿಂದ ಮೇಲಕ್ಕೆ ಹರಿಯುವಂತಿದ್ದರೆ ಉತ್ತಮ. ಗಾಳಿಯೂ ನಿಲ್ಲದು, ತೊಳೆದ ನೀರೂ ನಿಲ್ಲದು. ಬೇರೆ ಕೆಲವು ಮೀಟರುಗಳಂತೆ ಹಿಂದೆ ಮುಂದೆ ಉದ್ದನೆಯ ನೇರ ಪೈಪು ಬೇಕಿಲ್ಲ. ಆದರೆ ಅಳತೆ ತಪ್ಪಿದ ಪೈಪನ್ನು ಬೋಲ್ಟ್ ಬಿಗಿದು ಎಳೆದು ಕೂಡಿಸಬೇಡಿ, ಪೈಪಿನ ಭಾರವನ್ನು ಮೀಟರಿನ ಮೇಲೆ ಹೇರಬೇಡಿ.

• ಸಿಐಪಿ ಮಾಡುವಾಗ, ಅಂದರೆ ಪೈಪು ಬಿಚ್ಚದೆ ಇದ್ದಲ್ಲೇ ತೊಳೆಯುವಾಗ, ಒಟ್ಟು ಲೆಕ್ಕ ಇಡುವ ಟೋಟಲೈಜರ್ ನಿಲ್ಲಿಸಿ. ಇಲ್ಲದಿದ್ದರೆ ಕಾಸ್ಟಿಕ್ ನೀರೂ ಹಾಲಿನ ಲೆಕ್ಕಕ್ಕೆ ಸೇರುತ್ತದೆ.

• ಬಂಕಿನಲ್ಲಿ ಸಿಎನ್‌ಜಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವುದೂ ಇಂಥದೇ ಮೀಟರ್. ಇಲ್ಲಿ ಕಲಿತದ್ದು ಅಲ್ಲಿಗೂ ಆಗುತ್ತದೆ.

• ಅನುಮಾನ ಬಂದರೆ ಮೊದಲು ಚೊಕ್ಕ ನೀರು ಹರಿಸಿ ಡೆನ್ಸಿಟಿ ನೋಡಿ: 20 ಡಿಗ್ರಿಯಲ್ಲಿ ಘನ ಮೀಟರಿಗೆ 998 ಕಿಲೋ ಆಸುಪಾಸು ಬರಬೇಕು. ಆಮೇಲೂ ಸಮಾಧಾನವಾಗದಿದ್ದರೆ ಟ್ಯಾಂಕರನ್ನು ತುಂಬಿದಾಗೊಮ್ಮೆ, ಖಾಲಿಯಾದಾಗೊಮ್ಮೆ ವೇಬ್ರಿಡ್ಜ್ ಹತ್ತಿಸಿ, ಮೀಟರಿನ ಅಂಕಿಯ ಜೊತೆ ತಾಳೆ ನೋಡಿ. ಹಾಲು ಕಳಿಸಿದ ಸಂಘದವರು ಎದುರಿಗಿರುವಾಗಲೇ ಆ ಕೆಲಸ ಮಾಡಿ.