ಮತಕ್ಷೇತ್ರದ ಮೇರೆಯೂ ಮತದ ಬೆಲೆಯೂ

ಚುನಾವಣೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಅಭ್ಯರ್ಥಿ, ಪಕ್ಷ, ಭಾಷಣ, ಮತಗಟ್ಟೆ. ಇವೆಲ್ಲಕ್ಕೂ ಮೊದಲೇ ಸದ್ದಿಲ್ಲದೆ ನಡೆದುಹೋಗುವ ಕಾರ್ಯವೊಂದುಂಟು. ಅದು ಮತಕ್ಷೇತ್ರಗಳ ಮೇರೆಯನ್ನು ಗುರುತಿಸುವುದು. ಅಧಿಕಾರದಲ್ಲಿರುವವರು ಈ ಗೆರೆಗಳನ್ನು ತಮ್ಮ ಲಾಭಕ್ಕೆ ತಕ್ಕಂತೆ ಎಳೆದುಕೊಂಡರೆ ಅದನ್ನು ರಾಜ್ಯಶಾಸ್ತ್ರದಲ್ಲಿ ‘ಜೆರಿಮ್ಯಾಂಡರಿಂಗ್’ ಎನ್ನುತ್ತಾರೆ.

ಈ ಪದದ ಹುಟ್ಟು ಸ್ವಾರಸ್ಯವಾಗಿದೆ. 1812ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ, ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಸೆನೆಟ್ ಕ್ಷೇತ್ರಗಳನ್ನು ವಿಂಗಡಿಸಿದ ಮಸೂದೆಗೆ ಅಂಕಿತ ಹಾಕಿದ. ಅವುಗಳಲ್ಲೊಂದು ಕ್ಷೇತ್ರ ಹಾವಿನಂತೆ ಬಳುಕಿಕೊಂಡಿತ್ತು. ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರುಗಳನ್ನು ಬರೆದು, ‘ಸಾಲಮ್ಯಾಂಡರ್’ ಎಂಬ ಪ್ರಾಣಿಯ ಹೆಸರಿಗೆ ಗೆರಿಯ ಹೆಸರನ್ನು ಜೋಡಿಸಿತು. ಆ ವರ್ಷದ ಸೆನೆಟ್ ಚುನಾವಣೆಯಲ್ಲಿ ಫೆಡರಲಿಸ್ಟರಿಗೆ 51,766 ಮತಗಳು ಬಿದ್ದರೂ ದೊರೆತದ್ದು 11 ಸ್ಥಾನ. ಗೆರಿಯ ಪಕ್ಷಕ್ಕೆ 50,164 ಮತಗಳಿಗೆ 29 ಸ್ಥಾನ. ಅದೇ ವರ್ಷ ಗವರ್ನರ್ ಪದವಿಯ ಚುನಾವಣೆಯಲ್ಲಿ ಮಾತ್ರ ಗೆರಿ ಸೋತ. ಆ ಪದವಿಗೆ ಇಡೀ ರಾಜ್ಯವೇ ಒಂದು ಕ್ಷೇತ್ರ. ಅಲ್ಲಿ ಗೆರೆಯ ಆಟ ನಡೆಯುವಂತಿರಲಿಲ್ಲ.

ಈ ಆಟದ ಲೆಕ್ಕವನ್ನು ಸಣ್ಣ ಉದಾಹರಣೆಯಿಂದ ನೋಡೋಣ. 25 ಮತದಾರರಿದ್ದಾರೆ, ತಲಾ ಐವರಂತೆ 5 ಕ್ಷೇತ್ರಗಳು. ‘ಅ’ ಪಕ್ಷಕ್ಕೆ 15 ಜನ, ‘ಆ’ ಪಕ್ಷಕ್ಕೆ 10 ಜನ ಬೆಂಬಲಿಗರು. ಎಲ್ಲ ಕ್ಷೇತ್ರಗಳಲ್ಲೂ ಮೂವರು ‘ಅ’, ಇಬ್ಬರು ‘ಆ’ ಬರುವಂತೆ ಒಡೆದರೆ ಐದೂ ಸ್ಥಾನಗಳು ‘ಅ’ ಪಾಲು. ‘ಅ’ದ ಹತ್ತು ಜನರನ್ನು ಎರಡೇ ಕ್ಷೇತ್ರಗಳಲ್ಲಿ ತುಂಬಿ, ಉಳಿದ ಐವರನ್ನು ಮಿಕ್ಕ ಮೂರು ಕ್ಷೇತ್ರಗಳಿಗೆ ಚೆದುರಿಸಿದರೆ, ಅಲ್ಪಸಂಖ್ಯೆಯ ‘ಆ’ ಪಕ್ಷವೇ 3 ಸ್ಥಾನ ಗೆದ್ದು ಬಹುಮತ ಪಡೆಯುತ್ತದೆ. ಯಾರ ಮತವೂ ಬದಲಾಗಿಲ್ಲ, ಫಲಿತಾಂಶ ತಲೆಕೆಳಗಾಯಿತು.

ಪಕ್ಷದ ಲಾಭಕ್ಕಷ್ಟೇ ಅಲ್ಲದೆ ಜನಾಂಗದ್ವೇಷಕ್ಕೂ ಈ ಉಪಾಯ ಬಳಕೆಯಾಗಿದೆ. 1957ರಲ್ಲಿ ಅಲಬಾಮಾ ರಾಜ್ಯವು ಟಸ್ಕೀಗೀ ನಗರದ ಚೌಕಾಕಾರದ ಎಲ್ಲೆಯನ್ನು 28 ಮೂಲೆಗಳ ವಿಚಿತ್ರಾಕೃತಿಯಾಗಿ ಕತ್ತರಿಸಿ, ಹೆಚ್ಚುಕಡಿಮೆ ಎಲ್ಲ ಕರಿಯ ಮತದಾರರನ್ನೂ ಊರಿನಿಂದ ಹೊರಗಿಟ್ಟಿತು. ಇದು ಸಂವಿಧಾನಕ್ಕೆ ವಿರುದ್ಧವೆಂದು 1960ರಲ್ಲಿ ಸುಪ್ರೀಂ ಕೋರ್ಟು ಸಾರಿತು. ಆದರೆ ಪಕ್ಷದ ಲಾಭಕ್ಕಾಗಿ ಎಳೆದ ಗೆರೆಗಳ ವಿಚಾರ ಫೆಡರಲ್ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದ್ದಲ್ಲವೆಂದು ಅದೇ ಕೋರ್ಟು 2019ರಲ್ಲಿ ತೀರ್ಪಿತ್ತಿತು.

ನಮ್ಮ ದೇಶದಲ್ಲಿ ಈ ಕೆಲಸವನ್ನು ಶಾಸಕರ ಕೈಗೆ ಬಿಟ್ಟಿಲ್ಲ. 1952, 1962, 1972, 2002ರ ಕಾಯಿದೆಗಳಂತೆ ಕ್ಷೇತ್ರ ಪುನರ್ವಿಂಗಡಣಾ ಆಯೋಗಗಳು ರಚಿತವಾದವು. 2002ರ ಕಾಯಿದೆಯ ಪ್ರಕಾರ ಆಯೋಗದ ಅಧ್ಯಕ್ಷರು ಸುಪ್ರೀಂ ಕೋರ್ಟಿನ ಹಾಲಿ ಅಥವಾ ಮಾಜಿ ನ್ಯಾಯಾಧೀಶರು. ಸಂಸತ್ ಸದಸ್ಯರೂ ಶಾಸಕರೂ ಸಹಸದಸ್ಯರಾಗಿ ಸಲಹೆ ಕೊಡಬಹುದು, ಮತ ಹಾಕುವಂತಿಲ್ಲ. ಆ ಆಯೋಗ ಗುರುತಿಸಿದ ಮೇರೆಗಳಂತೆ ನಮ್ಮ ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಿಗೆ ಚುನಾವಣೆ ನಡೆದದ್ದು 2008ರಲ್ಲಿ.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದು ಬಾರದ ಹಿರಿಯರಿಗೂ ನನಗೂ ಮತಗಟ್ಟೆಯಲ್ಲಿ ಒಂದೇ ಬೆಲೆ. ನಮ್ಮಂಥವರಿಗೆ ಸಂವಿಧಾನ ಕೊಟ್ಟ ದೊಡ್ಡ ಆಸ್ತಿ ಅದೇ. ಆ ಬೆಲೆಯನ್ನು ಕಿತ್ತುಕೊಳ್ಳಲು ಬಲಾತ್ಕಾರ ಬೇಕಿಲ್ಲ, ಭೂಪಟವೊಂದು ಸಾಕು. ಕಾಯಿದೆಯಂತೆ ಆಯೋಗವು ತನ್ನ ಕರಡನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಲೇಬೇಕು. ಆದರೆ ಹಳ್ಳಿಯ ಎಷ್ಟು ಮಂದಿ ಆ ಕರಡನ್ನು ಓದಬಲ್ಲರು? ಓದಬಲ್ಲವರು ನಾವು. ನಮ್ಮೂರು ಯಾವ ಕ್ಷೇತ್ರಕ್ಕೆ ಸೇರಿತು, ಏಕೆ ಸೇರಿತು ಎಂದು ನೋಡಿ, ಊರವರಿಗೆ ತಿಳಿಸಿ, ತಪ್ಪಿದ್ದಲ್ಲಿ ಅರ್ಜಿ ಬರೆಯುವುದು ವಿದ್ಯಾವಂತ ತರುಣರಾದ ನಮ್ಮ ಹೊಣೆ.