ಜಲನಿರೋಧಕ ಚಾರಣ ಬೂಟು: ಆಯ್ಕೆ, ದಾಸ್ತಾನು ಮತ್ತು ಲೆಕ್ಕಾಚಾರ

ಚಾಮರಾಜನಗರ ಜಿಲ್ಲೆಯ ವ್ಯಾಪಾರದಲ್ಲಿ ಅರಿಶಿನ, ರೇಷ್ಮೆ ಹಾಗೂ ಕಪ್ಪು ಗ್ರಾನೈಟ್ ಪಡೆದಿರುವ ಸ್ಥಾನವನ್ನು ಪಾದರಕ್ಷೆಯು ಎಂದೂ ಪಡೆದಿಲ್ಲ. ಆದರೆ ಕಾಲಿಗೆ ಕಠಿಣ ಪರೀಕ್ಷೆಯೊಡ್ಡುವ ನೆಲ ಇಲ್ಲಿ ಸಾಕಷ್ಟಿದೆ. ದಕ್ಷಿಣಕ್ಕೆ ಬಂಡೀಪುರ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆಗೆ ಮಲೆ ಮಹದೇಶ್ವರ ಬೆಟ್ಟದ ಅರಣ್ಯ. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆದು ಒಂದು ಊಟಿಯ ಕಡೆಗೂ ಮತ್ತೊಂದು ವಯನಾಡಿನ ಕಡೆಗೂ ಸಾಗುತ್ತದೆ. ಹೀಗಾಗಿ ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಅಂಗಡಿಗಳಿಗೆ 'ನೀರು ಹೋಗದ ಬೂಟು' ಕೇಳಿಕೊಂಡು ಬರುವವರಲ್ಲಿ ಅರಣ್ಯ ಕಾವಲುಗಾರರಿದ್ದಾರೆ, ಕ್ವಾರಿಯ ಮೇಲ್ವಿಚಾರಕರಿದ್ದಾರೆ, ಉಡಿಗಾಲದಂತಹ ಊರುಗಳಿಂದ ಬರುವ ರೈತರಿದ್ದಾರೆ, ರಜೆಯಲ್ಲಿ ಚಾರಣಕ್ಕೆ ಹೊರಟ ವಿದ್ಯಾರ್ಥಿಗಳೂ ಇದ್ದಾರೆ.

ಈ ನಾಲ್ವರೂ ಕೇಳುವ ಮಾತು ಒಂದೇ. ಅವರಿಗೆ ಬೇಕಾದ ವಸ್ತು ಬೇರೆ ಬೇರೆ. ಈ ವ್ಯತ್ಯಾಸವನ್ನು ಅರಿಯದೆ ಸಗಟು ವ್ಯಾಪಾರಿ ಕಳುಹಿಸಿದ್ದನ್ನೆಲ್ಲ ಕಪಾಟಿಗೇರಿಸಿದ ವರ್ತಕನು ಎರಡು ಬಗೆಯಲ್ಲಿ ನಷ್ಟ ಅನುಭವಿಸುತ್ತಾನೆ. ಮೊದಲನೆಯದು, ಗ್ರಾಹಕನು ಹಿಂದಿರುಗಿ ಬಂದು ಮಾಡುವ ಜಗಳ. ಎರಡನೆಯದು ಸದ್ದಿಲ್ಲದ ನಷ್ಟ. ಅದು ದಾಸ್ತಾನಿನೊಳಗೇ ಅಡಗಿರುತ್ತದೆ.

ನೀರನ್ನು ತಡೆಯುವುದು ಯಾವುದು?

ಪೆಟ್ಟಿಗೆಯ ಮೇಲೆ 'ವಾಟರ್‌ಪ್ರೂಫ್' ಎಂದು ಮುದ್ರಿಸಿದ ಮಾತ್ರಕ್ಕೆ ಬೂಟು ನೀರನ್ನು ತಡೆಯುವುದಿಲ್ಲ. ನೀರನ್ನು ತಡೆಯುವುದು ಅದರ ರಚನೆ. ಮಾರುಕಟ್ಟೆಯಲ್ಲಿ ದೊರೆಯುವ ಬೂಟುಗಳನ್ನು ಈ ದೃಷ್ಟಿಯಿಂದ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ರಬ್ಬರ್ ಅಥವಾ ಪಿವಿಸಿಯಿಂದ ಎರಕ ಹೊಯ್ದ ಗಂಬೂಟು. ಇದರಲ್ಲಿ ಹೊಲಿಗೆಯೇ ಇಲ್ಲ, ಆದ್ದರಿಂದ ಸೋರಿಕೆಯೂ ಇಲ್ಲ. ಆದರೆ ಕಾಲಿನ ಬೆವರಿಗೆ ಹೊರದಾರಿಯೂ ಇಲ್ಲ. ರಾತ್ರಿ ಅರಿಶಿನದ ಹೊಲಕ್ಕೆ ನೀರು ಕಟ್ಟುವ ರೈತನಿಗೆ ಇದಕ್ಕಿಂತ ಉತ್ತಮವಾದದ್ದು ಬೇರೊಂದಿಲ್ಲ. ಹಾವಿನ ಭಯಕ್ಕೂ ಅದು ತಕ್ಕಮಟ್ಟಿನ ರಕ್ಷಣೆ. ಆತನಿಗೆ ದುಬಾರಿ ಚಾರಣ ಬೂಟು ಮಾರುವುದು ವ್ಯಾಪಾರವೆನಿಸಿದರೂ ವಿವೇಕವೆನಿಸದು. ಕೈಗಾರಿಕಾ ಬಳಕೆಯ ರಬ್ಬರ್ ಬೂಟುಗಳಿಗೆ ಐಎಸ್ 5557 ಎಂಬ ಭಾರತೀಯ ಮಾನಕವಿದೆ. ಖರೀದಿಯ ಆದೇಶದಲ್ಲಿ ಅದನ್ನು ನಮೂದಿಸುವುದು ಒಳ್ಳೆಯದು.

ಎರಡನೆಯದು, ಎಣ್ಣೆ ಅಥವಾ ಮೇಣ ಉಣಿಸಿದ ದಪ್ಪ ಚರ್ಮದ ಬೂಟು. ಇದು ನೀರನ್ನು ಸಂಪೂರ್ಣವಾಗಿ ತಡೆಯುವುದಿಲ್ಲ, ಬಹಳ ಹೊತ್ತು ತಡೆಹಿಡಿಯುತ್ತದೆ. ಆಗಾಗ ಮೇಣ ಸವರುತ್ತಿದ್ದರೆ ಅದರ ಆಯುಸ್ಸು ದೀರ್ಘ.

ಮೂರನೆಯದು, ಹೊರಪದರ ಮತ್ತು ಒಳಪದರಗಳ ನಡುವೆ ತೆಳುವಾದ ಪೊರೆಯನ್ನು ಇರಿಸಿದ ಬೂಟು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಪಿಟಿಎಫ್‌ಇ ಎಂಬ ವಸ್ತುವನ್ನು ರಭಸದಿಂದ ಎಳೆದು ಹಿಗ್ಗಿಸಿದಾಗ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯೊಂದು ದೊರೆಯಿತು. ಗೋರ್‌ಟೆಕ್ಸ್ ಹುಟ್ಟಿದ್ದು ಅದರಿಂದ. ಅದರ ರಂಧ್ರಗಳು ನೀರಿನ ಹನಿಗಿಂತ ಬಹಳ ಚಿಕ್ಕವು, ಆವಿಯ ಕಣಕ್ಕಿಂತ ದೊಡ್ಡವು. ಹೊರಗಿನ ನೀರು ಒಳಬರಲಾರದು, ಒಳಗಿನ ಬೆವರು ಆವಿಯಾಗಿ ಹೊರಹೋಗಬಲ್ಲದು. ಇಂದು ಅನೇಕ ತಯಾರಕರು ಇದೇ ತತ್ತ್ವದ ತಮ್ಮದೇ ಪೊರೆಗಳನ್ನು ಬಳಸುತ್ತಾರೆ.

ಇಲ್ಲಿ ವರ್ತಕನು ಗ್ರಾಹಕನಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಸಂಗತಿಯೊಂದಿದೆ. ಬೆವರಿನ ಆವಿ ಹೊರಹೋಗಬೇಕಾದರೆ ಬೂಟಿನ ಒಳಗಿಗಿಂತ ಹೊರಗಿನ ಗಾಳಿ ತಂಪಾಗಿಯೂ ಒಣಗಿಯೂ ಇರಬೇಕು. ಚಳಿಯ ದೇಶಗಳಲ್ಲಿ ಸೊಗಸಾಗಿ ಕೆಲಸ ಮಾಡುವ ಪೊರೆ, ಮಳೆ ಬಿದ್ದ ಮರುದಿನದ ಬಯಲುಸೀಮೆಯ ಧಗೆಯಲ್ಲಿ ಅಷ್ಟು ಚುರುಕಾಗಿರುವುದಿಲ್ಲ. ಹಳ್ಳ ದಾಟುವಾಗ ಮೇಲಿನ ಅಂಚಿನಿಂದ ನೀರು ನುಗ್ಗಿದರೆ ಅದೇ ಪೊರೆ ನೀರನ್ನು ಒಳಗೇ ಹಿಡಿದಿಡುತ್ತದೆ. ಬೂಟು ಒಣಗಲು ದಿನಗಟ್ಟಲೆ ಬೇಕಾಗುತ್ತದೆ. ಇನ್ನು ಮಳೆಯ ಮಾತು. ಜಿಲ್ಲೆಯಲ್ಲಿ ಮುಖ್ಯ ಮಳೆ ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ. ಉಳಿದ ಬಹುಕಾಲ ನೆಲ ಒಣಗಿಯೇ ಇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ವಯನಾಡಿನ ಜಡಿಮಳೆಯಲ್ಲಿ ನಡೆಯುವವನಿಗೆ ಪೊರೆಯುಳ್ಳ ಬೂಟು ಸಾರ್ಥಕ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬೆಟ್ಟ ಹತ್ತುವವನಿಗೆ ಗಾಳಿಯಾಡುವ ಸಾಧಾರಣ ಚಾರಣ ಬೂಟೇ ಹೆಚ್ಚು ಹಿತ, ಹಣವೂ ಉಳಿಯುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಬೂಟಿನ ನಾಲಿಗೆಯನ್ನು ಎತ್ತಿ ನೋಡಬೇಕು. ಅದು ಎರಡೂ ಬದಿಗೆ ಮೇಲಿನವರೆಗೂ ಹೊಲಿಗೆಯಿಂದ ಕೂಡಿಕೊಂಡಿದ್ದರೆ ಸರಿ. ಬಿಡಿಯಾಗಿದ್ದರೆ ಲೇಸಿನ ಸಂದಿನಿಂದಲೇ ನೀರು ಇಳಿಯುತ್ತದೆ, ಚರ್ಮ ಎಷ್ಟೇ ಉತ್ತಮವಾಗಿದ್ದರೂ ಫಲವಿಲ್ಲ. ಹಿಮ್ಮಡಿಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕುಸಿಯಬಾರದು. ಬೂಟನ್ನು ಬಾಗಿಸಿದಾಗ ಬೆರಳುಗಳ ಬುಡದಲ್ಲಿ ಬಾಗಬೇಕು. ನಡುವಿನಲ್ಲಿ ಮಡಚಿಕೊಳ್ಳುವ ಬೂಟು ಕಲ್ಲುದಾರಿಯಲ್ಲಿ ಪಾದಕ್ಕೆ ಆಧಾರ ನೀಡದು.

ಹೊಸ ತಯಾರಕನಿಂದ ಸರಕು ಖರೀದಿಸುವ ಮುನ್ನ ಒಂದು ಜೊತೆಯನ್ನು ಬಲಿ ಕೊಡುವುದು ಜಾಣತನ. ಅಗಲವಾದ ತಟ್ಟೆಯಲ್ಲಿ ಎರಡು ಅಂಗುಲ ನೀರು ತುಂಬಿ, ಬೂಟಿನೊಳಗೆ ಒಣ ವೃತ್ತಪತ್ರಿಕೆಯನ್ನು ತುರುಕಿ, ಅದನ್ನು ನೀರಿನಲ್ಲಿ ನಿಲ್ಲಿಸಿ, ಆಗಾಗ ಬೆರಳಿನ ಬುಡದಲ್ಲಿ ಬಾಗಿಸುತ್ತಿರಬೇಕು. ಅರ್ಧ ಗಂಟೆಯ ನಂತರ ಕಾಗದ ಎಲ್ಲಿ ತೇವಗೊಂಡಿದೆಯೆಂದು ನೋಡಿದರೆ ದೋಷ ಹೊಲಿಗೆಯದೋ ಅಟ್ಟೆಯ ಅಂಟಿನದೋ ತಿಳಿಯುತ್ತದೆ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮನಲ್ಲ, ಆದರೆ ಮಾರಾಟ ಪ್ರತಿನಿಧಿಯ ಮಾತಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಅಟ್ಟೆಯ ಜೋಡಣೆಯಲ್ಲೂ ಭೇದವಿದೆ. ಬರಿಯ ಅಂಟಿನಿಂದ ಕೂಡಿಸಿದ್ದು ಹಗುರ ಮತ್ತು ಅಗ್ಗ. ಪಟ್ಟಿಯಿಟ್ಟು ಹೊಲಿದ ಗುಡ್‌ಇಯರ್ ವೆಲ್ಟ್ ಮಾದರಿಯದು ಭಾರ ಮತ್ತು ದುಬಾರಿ, ಆದರೆ ಸವೆದ ಅಟ್ಟೆಯನ್ನು ಬದಲಾಯಿಸಬಹುದು. ಆಳವಾದ ಹಲ್ಲುಗಳುಳ್ಳ ರಬ್ಬರ್ ಅಟ್ಟೆ ಇಟಲಿಯ ವಿಟಾಲೆ ಬ್ರಮಾನಿಯ ಕೊಡುಗೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ತನ್ನ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡ ಮೇಲೆ ಆತ ಅದನ್ನು ರೂಪಿಸಿದ. ವಿಬ್ರಮ್ ಎಂಬುದು ಆತನ ಹೆಸರಿನ ಸಂಕ್ಷೇಪ. ಎರೆಮಣ್ಣಿನ ಕೆಸರಿಗಾದರೆ ಹಲ್ಲುಗಳು ಆಳವಾಗಿದ್ದರಷ್ಟೇ ಸಾಲದು, ಅವುಗಳ ನಡುವೆ ಅಂತರವೂ ಇರಬೇಕು. ಇಲ್ಲವಾದರೆ ಹತ್ತು ಹೆಜ್ಜೆಗೆ ಅಟ್ಟೆಯ ತುಂಬ ಮಣ್ಣು ಮೆತ್ತಿಕೊಂಡು ಬೂಟಿನ ತೂಕ ಇಮ್ಮಡಿಯಾಗುತ್ತದೆ.

ಅಳತೆಯ ವಿಷಯದಲ್ಲಿ ವರ್ತಕರು ಅವಸರ ಮಾಡುವುದೇ ಹೆಚ್ಚು. ಭಾರತದಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿನಿಂದ ಮತ್ತೊಂದಕ್ಕೆ ಇರುವ ವ್ಯತ್ಯಾಸ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಅದು ಉದ್ದವನ್ನು ತಿಳಿಸುತ್ತದೆಯೇ ಹೊರತು ಅಗಲವನ್ನಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯೂರೋಪಿಯನ್ನರದಕ್ಕಿಂತ ಅಗಲವೆಂಬುದು ಅದರಿಂದ ಸ್ಪಷ್ಟವಾಯಿತು. ಬರಿಗಾಲಿನಲ್ಲೋ ಹವಾಯಿ ಚಪ್ಪಲಿಯಲ್ಲೋ ನಡೆದು ಬೆಳೆದ ಪಾದದ ಮುಂಭಾಗ ಇನ್ನೂ ಹರಡಿಕೊಂಡಿರುತ್ತದೆ. ಅಗಲ ಸಾಲದೆಂದು ಒಂದು ನಂಬರು ದೊಡ್ಡದನ್ನು ಕೊಟ್ಟರೆ ಹಿಮ್ಮಡಿ ಸಡಿಲವಾಗಿ ಬೊಬ್ಬೆ ಏಳುತ್ತದೆ. ಮುಂಭಾಗ ಅಗಲವಿರುವ ಅಚ್ಚಿನ ಬೂಟನ್ನೇ ತರಿಸಿಡಬೇಕು. ಸಣ್ಣ ಪ್ರಮಾಣದ ಸ್ಥಳೀಯ ತಯಾರಕರು ದೊಡ್ಡ ಹೆಸರುಗಳೊಡನೆ ಸ್ಪರ್ಧಿಸಬಹುದಾದ ಅವಕಾಶವೂ ಇಲ್ಲಿಯೇ ಇದೆ. ನಡೆದು ದಣಿದ ಪಾದ ಸಂಜೆಯ ವೇಳೆಗೆ ಉಬ್ಬಿರುವುದರಿಂದ, ತೊಡಲಿರುವ ಕಾಲುಚೀಲದೊಂದಿಗೆ ಆ ಹೊತ್ತಿನಲ್ಲೇ ಹಾಕಿಸಿ ನೋಡುವುದು ಸೂಕ್ತ.

ಕ್ವಾರಿಯ ಗ್ರಾಹಕನಿಗೆ ಚಾರಣ ಬೂಟು ಸಲ್ಲದು. ಕಲ್ಲು ಬಿದ್ದರೆ ಬೆರಳನ್ನು ಕಾಯುವ ಗಟ್ಟಿ ಟೋಪಿ ಅದರಲ್ಲಿರುವುದಿಲ್ಲ. ಅಂಥವರಿಗೆ ಐಎಸ್ 15298 ಭಾಗ 2ರ ಸುರಕ್ಷತಾ ಬೂಟೇ ಆಗಬೇಕು. ಅದರ ಮುಂಟೋಪಿ 200 ಜೌಲ್ ಹೊಡೆತವನ್ನು ತಡೆಯಬೇಕೆಂಬುದು ಮಾನಕದ ನಿಯಮ. ಆದರೆ ಐಎಸ್‌ಐ ಗುರುತು ಇದ್ದ ಮಾತ್ರಕ್ಕೆ ಬೂಟು ಜಲನಿರೋಧಕವೆಂದು ಭಾವಿಸಬಾರದು. ಆ ಗುರುತು ಯಾವ ಮಾನಕದ ಸಂಖ್ಯೆಯೊಡನೆ ಇದೆಯೋ ಅದರ ಷರತ್ತುಗಳಿಗಷ್ಟೇ ಸಾಕ್ಷಿ.

ಬೆಲೆಯೋ, ವೆಚ್ಚವೋ?

ಗ್ರಾಹಕನು ಬೆಲೆಯನ್ನು ನೋಡುತ್ತಾನೆ, ವೆಚ್ಚವನ್ನು ಲೆಕ್ಕ ಹಾಕುವುದಿಲ್ಲ. 1,500 ರೂಪಾಯಿಯ ಬೂಟು ದಿನನಿತ್ಯದ ಬಳಕೆಯಲ್ಲಿ 8 ತಿಂಗಳು ಬಾಳಿತೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 187 ರೂ. 50 ಪೈಸೆ ಆಯಿತು. 2,450 ರೂಪಾಯಿಯ ಬೂಟಿಗೆ ನಡುವೆ 400 ರೂಪಾಯಿ ಕೊಟ್ಟು ಅಟ್ಟೆ ಬದಲಾಯಿಸಿ 24 ತಿಂಗಳು ಬಳಸಿದರೆ ತಿಂಗಳ ವೆಚ್ಚ 118 ರೂ. 75 ಪೈಸೆ. ದಿನವೂ ಕಾಡಿನಲ್ಲಿ ನಡೆಯುವ ಕಾವಲುಗಾರನಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಬೇಕು. ಬಾಳಿಕೆಯ ಸರಕು ಮಾರಿದರೆ ಗ್ರಾಹಕ ಮತ್ತೆ ಬರುವುದು ತಡವಾಗುತ್ತದೆ ಎಂಬ ಅಳುಕು ಕೆಲವರಲ್ಲಿದೆ. ಎಂಟು ತಿಂಗಳಿಗೆ ಬಾಯಿಬಿಟ್ಟ ಬೂಟಿನ ಗ್ರಾಹಕ ಬರುವುದು ಬೇಗನೆಂಬುದು ನಿಜ, ಆದರೆ ಪಕ್ಕದ ಅಂಗಡಿಗೆ.

ತೆರಿಗೆಯ ಗಡಿಯನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಜೊತೆಯೊಂದಕ್ಕೆ 2,500 ರೂಪಾಯಿ ಮೀರದ ಮಾರಾಟ ಮೌಲ್ಯದ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಮೀರಿದ್ದಕ್ಕೆ ಶೇ. 18. ತೆರಿಗೆ ಹೊರತಾಗಿ 2,500 ರೂಪಾಯಿಗೆ ಮಾರಿದರೆ ಗ್ರಾಹಕ ಕೊಡುವುದು 2,625 ರೂಪಾಯಿ. ವರ್ತಕ ನೂರು ರೂಪಾಯಿ ಏರಿಸಿ 2,600 ಮಾಡಿದರೆ ಗ್ರಾಹಕ ಕೊಡಬೇಕಾದದ್ದು 3,068. ವರ್ತಕನಿಗೆ ದಕ್ಕಿದ ಹೆಚ್ಚಳ 100, ಗ್ರಾಹಕನ ಮೇಲೆ ಬಿದ್ದ ಹೊರೆ 443. ಈ ಗಡಿಯ ಆಸುಪಾಸಿನ ಬೂಟುಗಳ ಬೆಲೆ ನಿಗದಿ ಮಾಡುವಾಗ, ಹಾಗೂ ಋತುವಿನ ಕೊನೆಯ ರಿಯಾಯಿತಿ ನೀಡುವಾಗ ಇದು ನೆನಪಿರಬೇಕು. ನೋಡಬೇಕಾದದ್ದು ಪೆಟ್ಟಿಗೆಯ ಮೇಲಿನ ಎಂಆರ್‌ಪಿಯನ್ನಲ್ಲ, ಬಿಲ್ಲಿನ ಮಾರಾಟ ಮೌಲ್ಯವನ್ನು.

ಕಪಾಟಿನಲ್ಲೇ ಸವೆಯುವ ಸರಕು

ಬೂಟು ಕೊಳೆಯುವ ಪದಾರ್ಥವಲ್ಲವೆಂಬ ನಂಬಿಕೆ ವರ್ತಕರಲ್ಲಿ ಸಾಮಾನ್ಯ. ಇದು ದುಬಾರಿ ನಂಬಿಕೆ. ಅನೇಕ ಬೂಟುಗಳ ನಡು ಅಟ್ಟೆ ಪಾಲಿಯುರಿಥೇನಿನದು. ಅದರಲ್ಲೂ ಪಾಲಿಯೆಸ್ಟರ್ ಮೂಲದ ಪಾಲಿಯುರಿಥೇನ್ ಗಾಳಿಯ ತೇವಾಂಶದೊಡನೆ ನಿಧಾನವಾಗಿ ವರ್ತಿಸಿ ಒಳಗಿನಿಂದಲೇ ಶಿಥಿಲವಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ನಾಲ್ಕೈದು ವರ್ಷಗಳ ನಂತರ ಹೊಸದರಂತೆ ಹೊಳೆಯುವ ಬೂಟನ್ನು ಗ್ರಾಹಕ ತೊಟ್ಟು ಬೆಟ್ಟದ ಅರ್ಧ ದಾರಿ ಹತ್ತಿದಾಗ ಅಟ್ಟೆ ರೊಟ್ಟಿಯ ಚೂರಿನಂತೆ ಪುಡಿಯಾಗಿ ಕಳಚಿಕೊಳ್ಳಬಹುದು. ಕಾಡಿನ ನಡುವೆ ಅಟ್ಟೆಯಿಲ್ಲದೆ ನಿಂತವನ ಪಾಡು ಹೇಳತೀರದು. ಅಂಗಡಿಯ ಹೆಸರಿಗೆ ತಗಲುವ ಪೆಟ್ಟನ್ನೂ ಯಾವ ಖಾತೆಯಲ್ಲೂ ಬರೆಯಲಾಗದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನದ ಹೊಣೆಗಾರಿಕೆಯನ್ನು ತಯಾರಕನ ಮೇಲಷ್ಟೇ ಅಲ್ಲದೆ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನ ಮೇಲೂ ಹೊರಿಸುತ್ತದೆ. ತಯಾರಕನು ನೀಡದ ಭರವಸೆಯನ್ನು ಅಂಗಡಿಯವನು ತಾನಾಗಿ ನೀಡಿದ್ದು ಅಂಥ ಒಂದು ಸಂದರ್ಭ. 'ನೀರೇ ಹೋಗುವುದಿಲ್ಲ' ಎಂದು ಕೌಂಟರಿನಲ್ಲಿ ಧಾರಾಳವಾಗಿ ನುಡಿಯುವವರು ಇದನ್ನು ಅರಿತಿರಬೇಕು.

ಲೆಕ್ಕದ ಭಾಷೆಯಲ್ಲಿ ಇದರ ಪರಿಣಾಮ ನೋಡಬಹುದು. ವರ್ತಕನೊಬ್ಬ ಜೊತೆಗೆ 1,600 ರೂಪಾಯಿಯಂತೆ 60 ಜೊತೆ ಖರೀದಿಸಿದನೆಂದು ಭಾವಿಸೋಣ. ತೊಡಗಿಸಿದ ಹಣ 96,000. ಶೇ. 12ರ ಬಡ್ಡಿಯಲ್ಲಿ ಜೊತೆಯೊಂದಕ್ಕೆ ವರ್ಷಕ್ಕೆ 192 ರೂಪಾಯಿ ಹೊರೆ. ಎರಡು ವರ್ಷ ಕಳೆದು 20 ಜೊತೆ ಉಳಿದವು. ಅವು ಈಗ 900 ರೂಪಾಯಿಗೆ ಮಾತ್ರ ಹೋಗಬಲ್ಲವು. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಖರೀದಿ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅಂದರೆ 32,000ದ ಬದಲು 18,000. ಉಳಿದ 14,000 ಆ ವರ್ಷದ ನಷ್ಟ. ಹಳೆಯ ಬೆಲೆಯನ್ನೇ ವರ್ಷದಿಂದ ವರ್ಷಕ್ಕೆ ಎತ್ತಿ ಬರೆಯುತ್ತ ಬಂದ ವರ್ತಕನು ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟುತ್ತಿರುತ್ತಾನೆ, ಇಲ್ಲದ ಆಸ್ತಿಯನ್ನು ಬ್ಯಾಂಕಿಗೆ ತೋರಿಸುತ್ತಿರುತ್ತಾನೆ.

ಇನ್ನೂ ತಡಮಾಡಿ, ಅವು ಮಾರಲಾರದಂತಾಗಿ ಲೆಕ್ಕದಿಂದಲೇ ತೆಗೆದುಹಾಕಬೇಕಾಗಿ ಬಂದರೆ, ಖರೀದಿಯ ವೇಳೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ; ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನ ನಿಯಮವಿದು. ರಿಯಾಯಿತಿ ದರದಲ್ಲಿ ಮಾರಿದರೆ ಜಮೆ ಉಳಿಯುತ್ತದೆ. ಆದುದರಿಂದ ಸರಕು ಸುಸ್ಥಿತಿಯಲ್ಲಿರುವಾಗಲೇ, ಎರಡನೆಯ ಮಳೆಗಾಲ ಮುಗಿಯುತ್ತಿದ್ದಂತೆ ಬೆಲೆ ಇಳಿಸಿ ಖಾಲಿ ಮಾಡುವುದು ಎಲ್ಲ ರೀತಿಯಲ್ಲೂ ಮೇಲು.

ಇದಕ್ಕೆ ಬೇಕಾದ ವ್ಯವಸ್ಥೆ ಸರಳ. ಪ್ರತಿ ಪೆಟ್ಟಿಗೆಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷ ಮುದ್ರಿತವಾಗಿರುತ್ತದೆ. ಸರಕು ಬಂದ ದಿನವೇ ದಾಸ್ತಾನು ಪುಸ್ತಕದಲ್ಲಿ ಬೆಲೆಯ ಪಕ್ಕದ ಅಂಕಣದಲ್ಲಿ ಅದನ್ನು ಬರೆದುಕೊಳ್ಳಬೇಕು, ಹಳೆಯ ಪೆಟ್ಟಿಗೆಗಳು ಕಪಾಟಿನ ಮುಂದಿನ ಸಾಲಿಗೆ ಬರಬೇಕು. ಸಗಟು ವ್ಯಾಪಾರಿ ಅರ್ಧ ಬೆಲೆಗೆ ಬೂಟು ಕೊಡಲು ಮುಂದೆ ಬಂದಾಗ ಮೊದಲು ಓದಬೇಕಾದದ್ದು ಆ ತಿಂಗಳು–ವರ್ಷವನ್ನೇ. ಮೂರು ವರ್ಷ ಮೀರಿದ ಜೊತೆಯ ಅಟ್ಟೆಯನ್ನು ಉಗುರಿನಿಂದ ಒತ್ತಿ, ಬಾಗಿಸಿ ಪರೀಕ್ಷಿಸಿದ ನಂತರವೇ ಗ್ರಾಹಕನ ಮುಂದಿಡಬೇಕು. ಬಿರುಕು ಕಂಡರೆ ಆ ಜೊತೆಯನ್ನು ಮಾರ್ಚ್ 31ರ ದಾಸ್ತಾನು ಪಟ್ಟಿಯಲ್ಲಿ ಬೇರೆಯಾಗಿ ತೋರಿಸಬೇಕು.