ಇಂಗ್ಲಿಷ್ ಬರವಣಿಗೆಯ ತಪ್ಪುಗಳು: ಕನ್ನಡ ವ್ಯಾಕರಣದ ನೆರವಿನಿಂದ ತಿದ್ದುವ ಕ್ರಮ

ಪೀಠಿಕೆ

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇಂಗ್ಲಿಷ್ ಬರೆಯುವಾಗ ಮಾಡುವ ಹಲವು ತಪ್ಪುಗಳು ಅಜಾಗರೂಕತೆಯಿಂದ ಆದವುಗಳಲ್ಲ. ಅವುಗಳ ಹಿಂದೆ ಕನ್ನಡದ ಯಾವುದೋ ಒಂದು ನಿಯಮ ಕ್ರಮಬದ್ಧವಾಗಿ ಕೆಲಸ ಮಾಡಿರುತ್ತದೆ. ಪುಟದ ತುಂಬ ಕೆಂಪು ಗೆರೆಗಳನ್ನು ಕಂಡ ಮಗು ಮುಂದಿನ ವಾರ ಕಡಿಮೆ ಬರೆಯುತ್ತದೆ. ಇಂಗ್ಲಿಷ್ ಬಾರದಿರುವುದಕ್ಕೆ ಕನ್ನಡವೇ ಕಾರಣವೆಂದು ಪೋಷಕರೂ ನಂಬಿದರೆ, ಗಡಿನಾಡಿನ ಕನ್ನಡ ಶಾಲೆ ಆ ಮಗುವನ್ನೇ ಕಳೆದುಕೊಳ್ಳಬಹುದು. ಆದುದರಿಂದ ತಪ್ಪಿನ ಮೂಲವನ್ನು ಕನ್ನಡದಲ್ಲಿಯೇ ತೋರಿಸಿ ತಿದ್ದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಕರಿಹಲಗೆಯ ಮೇಲೆ ಅವುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕು.

1. ವಿಭಕ್ತಿ ಮತ್ತು ಪ್ರಿಪೊಸಿಷನ್

‘ನನಗೆ ಹೇಳಿದನು’, ‘ಶಾಲೆಗೆ ತಲುಪಿದೆವು’ ಎಂಬಲ್ಲಿ ಚತುರ್ಥಿಯ ‘ಗೆ’ ಇದೆ. ಮಗು ಅದನ್ನು ‘ಟು’ ಎಂದು ಭಾವಿಸಿ ‘ಹಿ ಟೋಲ್ಡ್ ಟು ಮಿ’, ‘ವಿ ರೀಚ್ಡ್ ಟು ದ ಸ್ಕೂಲ್’ ಎಂದು ಬರೆಯುತ್ತದೆ. ಎರಡರಲ್ಲಿಯೂ ‘ಟು’ ಬೇಕಿಲ್ಲ. ‘ಪ್ರವಾಸದ ಬಗ್ಗೆ ಚರ್ಚಿಸಿದೆವು’ ಎಂಬ ವಾಕ್ಯದ ‘ಬಗ್ಗೆ’ ಇದೇ ರೀತಿ ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ. ‘ಡಿಸ್ಕಸ್’ ಪದಕ್ಕೆ ‘ಅಬೌಟ್’ ಸೇರುವುದಿಲ್ಲ. ಇದಕ್ಕೆ ವಿರುದ್ಧವಾಗಿ ‘ಪಾಠವನ್ನು ಕೇಳು’ ಎಂಬಲ್ಲಿ ದ್ವಿತೀಯಾ ವಿಭಕ್ತಿ ಇರುವುದರಿಂದ ಮಗು ‘ಲಿಸನ್ ದ ಲೆಸನ್’ ಎಂದು ಬರೆದು ಅಗತ್ಯವಾದ ‘ಟು’ವನ್ನು ಬಿಡುತ್ತದೆ. ಕ್ರಿಯಾಪದವನ್ನು ಒಂಟಿಯಾಗಿ ಕಲಿಸದೆ ‘ಟೆಲ್ ಮಿ’, ‘ಲಿಸನ್ ಟು ಮಿ’ ಎಂದು ಜೊತೆಪದಗಳೊಂದಿಗೆ ಕಲಿಸುವುದೇ ಇದಕ್ಕೆ ಪರಿಹಾರ.

2. ಒಂದು ‘ಇಂದ’, ಮೂರು ಪದಗಳು

‘ಐದು ವರ್ಷಗಳಿಂದ ಇಲ್ಲಿ ವಾಸವಾಗಿದ್ದೇನೆ’ ಎಂಬುದು ‘ಐ ಆಮ್ ಲಿವಿಂಗ್ ಹಿಯರ್ ಫ್ರಮ್ ಫೈವ್ ಇಯರ್ಸ್’ ಎಂದಾಗುತ್ತದೆ. ಸರಿಯಾದ ರೂಪ: ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಕನ್ನಡದ ‘ಇಂದ’ ಹೊರಟ ಸ್ಥಳವನ್ನೂ (ಫ್ರಮ್), ಆರಂಭದ ಕಾಲವನ್ನೂ (ಸಿನ್ಸ್), ಕಳೆದ ಅವಧಿಯನ್ನೂ (ಫಾರ್) ಸೂಚಿಸುತ್ತದೆ.

ಇಲ್ಲಿ ನೆರೆಭಾಷೆಯನ್ನು ಗಮನಿಸಬೇಕು. ಮರಾಠಿಯ ‘ಪಾಸೂನ್’, ತೆಲುಗಿನ ‘ನುಂಚಿ’ ಕನ್ನಡದಂತೆಯೇ ಆರಂಭಕ್ಕೂ ಅವಧಿಗೂ ಬಳಕೆಯಾಗುತ್ತವೆ. ಹೀಗಾಗಿ ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ಮಡಕಶಿರಾ ಕಡೆಯ ಮಕ್ಕಳಿಗೆ ಈ ತಪ್ಪು ಎರಡು ಭಾಷೆಗಳಿಂದ ಬರುತ್ತದೆ. ತಮಿಳು ಮತ್ತು ಮಲಯಾಳಗಳಲ್ಲಿ ಅವಧಿಗೆ ‘ವರುಷಮಾಗ’, ‘ವರ್ಷಮಾಯಿ’ ಎಂಬ ಬೇರೆಯೇ ರೂಪಗಳಿವೆ. ತಾಳವಾಡಿ, ಕಾಸರಗೋಡುಗಳ ಶಿಕ್ಷಕರು ‘ಫಾರ್’ ಮತ್ತು ‘ಸಿನ್ಸ್’ಗಳ ವ್ಯತ್ಯಾಸವನ್ನು ಇವುಗಳ ಮೂಲಕ ಸುಲಭವಾಗಿ ತೋರಿಸಬಹುದು.

3. ‘ಉತ್ತಿದೆ’ ಮತ್ತು ‘ಇಂಗ್’

‘ನನಗೆ ಅರ್ಥವಾಗುತ್ತಿದೆ’ ಎಂಬುದನ್ನು ಮಗು ‘ಐ ಆಮ್ ಅಂಡರ್‌ಸ್ಟ್ಯಾಂಡಿಂಗ್’ ಎಂದು ಬರೆಯುತ್ತದೆ. ತಿಳಿಯುವುದು, ಬೇಕೆನ್ನುವುದು, ಹೊಂದಿರುವುದು ಮುಂತಾದವು ಸ್ಥಿತಿಗಳು. ಇವುಗಳಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಸೇರುವುದಿಲ್ಲ. ‘ಐ ಹ್ಯಾವ್ ಟೂ ಸಿಸ್ಟರ್ಸ್’ ಎಂಬುದು ಸರಿ. ‘ಐ ಆಮ್ ಹ್ಯಾವಿಂಗ್ ಲಂಚ್’ ಎಂಬುದೂ ಸರಿಯೇ; ಏಕೆಂದರೆ ಊಟಮಾಡುವುದು ಕ್ರಿಯೆ, ಸ್ಥಿತಿಯಲ್ಲ.

4. ‘ಎ’ ಮತ್ತು ‘ಆ್ಯನ್’

ಇವುಗಳ ಆಯ್ಕೆ ಮುಂದಿನ ಪದದ ಮೊದಲ ಧ್ವನಿಯನ್ನು ಅವಲಂಬಿಸಿದೆ, ಮೊದಲ ಅಕ್ಷರವನ್ನಲ್ಲ. ಇದನ್ನು ಪರೀಕ್ಷಿಸಲು ಕನ್ನಡ ಲಿಪಿಯೇ ಉತ್ತಮ ಸಾಧನ. ಪದವನ್ನು ಕನ್ನಡದಲ್ಲಿ ಬರೆದಾಗ ಸ್ವರದಿಂದ ಆರಂಭವಾದರೆ ‘ಆ್ಯನ್’, ವ್ಯಂಜನದಿಂದ ಆರಂಭವಾದರೆ ‘ಎ’. ಆ್ಯನ್ ಅವರ್, ಆ್ಯನ್ ಎಂ.ಎಲ್.ಎ.; ಎ ಯೂನಿವರ್ಸಿಟಿ, ಎ ಒನ್-ವೇ ರೋಡ್. ಈ ಕೊನೆಯ ಉದಾಹರಣೆಯಲ್ಲಿ ಎಚ್ಚರ ಅಗತ್ಯ: ರೂಢಿಯಲ್ಲಿ ‘ಒನ್’ ಎಂದು ಬರೆದರೂ ಉಚ್ಚಾರಣೆ ‘ವನ್’. ಹಾಗೆಯೇ ‘ಎಗ್’ ಪದವನ್ನು ‘ಯೆಗ್’ ಎಂದು ಉಚ್ಚರಿಸುವ ಮಗು ‘ಎ ಎಗ್’ ಎಂದು ಬರೆಯುತ್ತದೆ. ಮೊದಲು ಉಚ್ಚಾರಣೆಯನ್ನು ತಿದ್ದಿದರೆ ಬರವಣಿಗೆಯನ್ನು ತಿದ್ದುವುದು ಸುಲಭ.

5. ಪದಗಳ ಆಯ್ಕೆ

ಕನ್ನಡದ ‘ಹಾಕು’ ಒಂದೇ ಪದ; ಇಂಗ್ಲಿಷಿನಲ್ಲಿ ದೀಪ ಹಾಕುವುದು ‘ಸ್ವಿಚ್ ಆನ್’, ಬೀಗ ಹಾಕುವುದು ‘ಲಾಕ್’, ಗಿಡಕ್ಕೆ ನೀರು ಹಾಕುವುದು ‘ವಾಟರ್’. ಎಲ್ಲದಕ್ಕೂ ‘ಪುಟ್’ ಸಲ್ಲದು. ದೊಡ್ಡಪ್ಪನ ಮಗನೂ ನಮ್ಮಲ್ಲಿ ‘ಅಣ್ಣ’ನೇ ಆದುದರಿಂದ ‘ಕಸಿನ್ ಬ್ರದರ್’ ಎಂಬ ಮಾತು ಹುಟ್ಟಿಕೊಂಡಿದೆ. ಭಾರತದ ಆಡುಮಾತಿನಲ್ಲಿ ಇದು ಬಳಕೆಯಲ್ಲಿದ್ದರೂ ಪರೀಕ್ಷೆಯಲ್ಲಿ ‘ಕಸಿನ್’ ಎಂದಷ್ಟೇ ಬರೆಯುವುದು ಲೇಸು. ‘ರಿಟರ್ನ್ ಬ್ಯಾಕ್’ ಎಂಬಲ್ಲಿ ‘ಬ್ಯಾಕ್’ ಪುನರುಕ್ತಿ.

ತರಗತಿಯ ಚಟುವಟಿಕೆ

ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಹಾಕಿಸಬೇಕು: ಕನ್ನಡ ವಾಕ್ಯ, ತಾನು ಬರೆದ ಇಂಗ್ಲಿಷ್, ತಿದ್ದಿದ ಇಂಗ್ಲಿಷ್. ತಪ್ಪಿಗೆ ಕಾರಣವಾದ ಕನ್ನಡದ ಪ್ರತ್ಯಯ ಅಥವಾ ಪದಕ್ಕೆ ಮಗುವೇ ಅಡಿಗೆರೆ ಎಳೆಯಲಿ. ವಾರಕ್ಕೆ ಒಂದೇ ನಿಯಮವನ್ನು ಆರಿಸಿಕೊಂಡು, ಆ ವಾರ ಅದಕ್ಕೆ ಸಂಬಂಧಿಸಿದ ತಪ್ಪುಗಳನ್ನು ಮಾತ್ರ ಗುರುತಿಸುವುದು ಒಳಿತು.

ಅಭ್ಯಾಸ

ಕೆಳಗಿನ ವಾಕ್ಯಗಳನ್ನು ತಿದ್ದಿಸಿ, ತಪ್ಪಿನ ಕನ್ನಡ ಮೂಲವನ್ನು ಹೇಳಿಸಿರಿ.
ಅ) ಷಿ ಈಸ್ ಇಲ್ ಫ್ರಮ್ ಮಂಡೇ.
ಆ) ವಿ ಡಿಸ್ಕಸ್ಡ್ ಅಬೌಟ್ ದ ಟೂರ್.
ಇ) ಐ ಆಮ್ ನೋಯಿಂಗ್ ದ ಆನ್ಸರ್.

ಉತ್ತರಗಳು: ಅ) ಷಿ ಹ್ಯಾಸ್ ಬೀನ್ ಇಲ್ ಸಿನ್ಸ್ ಮಂಡೇ. ಆ) ವಿ ಡಿಸ್ಕಸ್ಡ್ ದ ಟೂರ್. ಇ) ಐ ನೋ ದ ಆನ್ಸರ್.

ತನ್ನ ತಪ್ಪಿಗೂ ಒಂದು ಕಾರಣವಿದೆ, ಆ ಕಾರಣ ತನಗೆ ತಿಳಿದ ಭಾಷೆಯಲ್ಲಿಯೇ ಇದೆ ಎಂದು ಅರಿತ ಮಗು ಬರೆಯಲು ಅಂಜುವುದಿಲ್ಲ. ಈ ಅರಿವನ್ನು ನೀಡುವುದು ಕನ್ನಡವನ್ನು ಬಲ್ಲ ಶಿಕ್ಷಕರಿಂದ ಮಾತ್ರ ಸಾಧ್ಯ.